ಧ್ವನಿಮುದ್ರಿಕೆಯನ್ನು ಮೀರಿ ಹಾಡಿದ ಸುಳೇಭಾವಿಯ ಕುಮಾರ ಗಂಧರ್ವ

ಗ್ರಾಮಫೋನಿನಲ್ಲಿ ಕೇಳಿದ ಹಾಡನ್ನು ಕಿಂಚಿತ್ತೂ ವ್ಯತ್ಯಾಸವಿಲ್ಲದೆ ಒಪ್ಪಿಸುತ್ತಿದ್ದ ಬಾಲಕನೊಬ್ಬ, ಮುಂದೆ ಯಾವ ಹಾಡನ್ನೂ ಇದ್ದಂತೆಯೇ ಹಾಡಲು ಒಪ್ಪದ ಗಾಯಕನಾಗಿ ಬೆಳೆದುದು ಹಿಂದೂಸ್ತಾನಿ ಸಂಗೀತದ ವಿಸ್ಮಯಗಳಲ್ಲೊಂದು. ಆ ಗಾಯಕರೇ ಪಂಡಿತ ಕುಮಾರ ಗಂಧರ್ವ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳನ್ನೊಳಗೊಂಡ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಅವರು ಜನಿಸಿದರು. ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಪ್ರಸಿದ್ಧ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡುತ್ತಿದ್ದ ಈ ಬಾಲಪ್ರತಿಭೆಗೆ ಮಠಾಧೀಶರೊಬ್ಬರು ನೀಡಿದ ಬಿರುದೇ ಮುಂದೆ ಹೆಸರಾಗಿ ಉಳಿಯಿತು.

ಮುಂಬಯಿಯಲ್ಲಿ ಅವರಿಗೆ ಗುರುವಾಗಿ ದೊರೆತವರು ಬಿ.ಆರ್. ದೇವಧರ. ಸ್ವರಲಿಪಿಯನ್ನು ಪ್ರಚುರಪಡಿಸಿದ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಒಂದೇ ಘರಾಣೆಗೆ ಅಂಟಿಕೊಂಡವರಲ್ಲ. ಅನುಕರಣೆಯಿಂದ ಸ್ವಂತ ವಿಚಾರದತ್ತ ಹೊರಳುವ ದಾರಿ ಶಿಷ್ಯನಿಗೆ ಅಲ್ಲಿ ತೆರೆಯಿತು.

ಆದರೆ ಕ್ಷಯರೋಗ ಎರಗಿತು. 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ತೆರಳಿದ ಅವರು ಹಲವು ವರ್ಷ ಹಾಡುವಂತಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಔಷಧ ಪ್ರಾಣ ಉಳಿಸಿತಾದರೂ ಒಂದು ಶ್ವಾಸಕೋಶ ನಿಷ್ಪ್ರಯೋಜಕವಾಯಿತು. ಹಾಸಿಗೆಯಲ್ಲಿ ಮಲಗಿ ಆಲಿಸಿದ ಮಾಳವದ ಜಾನಪದ ಗೀತೆಗಳು ಅವರೊಳಗೆ ಹೊಸ ರಾಗಗಳಾಗಿ ಮೊಳೆತವು. 1953ರ ವೇಳೆಗೆ ಮತ್ತೆ ವೇದಿಕೆಯೇರಿದಾಗ ದೀರ್ಘ ಉಸಿರಿನ ಸ್ಥಾನದಲ್ಲಿ ಕಿರಿದಾದ, ಮಿಂಚಿನಂತಹ ಸ್ವರಗುಚ್ಛಗಳು ಬಂದಿದ್ದವು. ಮೌನವೂ ಗಾಯನದ ಅಂಗವಾಗಿತ್ತು.

1965ರಲ್ಲಿ ಪ್ರಕಟವಾದ 'ಅನೂಪರಾಗವಿಲಾಸ'ದಲ್ಲಿ ತಮ್ಮ ಬಂದಿಶ್‌ಗಳನ್ನು ಸ್ವರಲಿಪಿ ಸಹಿತ ಅಚ್ಚಿಗೆ ಕೊಟ್ಟವರೂ ಅವರೇ. ಮುದ್ರಿತ ಸ್ವರಲಿಪಿಯು ಸ್ವರ, ಮಾತ್ರೆಗಳನ್ನು ತಿಳಿಸಬಲ್ಲದು. ಎಲ್ಲಿ ತಡೆಯಬೇಕು, ಯಾವ ಅಕ್ಷರವನ್ನು ಮೃದುವಾಗಿ ಬಿಡಬೇಕು ಎಂಬುದನ್ನಲ್ಲ. ಆ ಸಣ್ಣ ವ್ಯತ್ಯಾಸಗಳಲ್ಲೇ ಅವರ ಗಾಯನದ ಜೀವವಿತ್ತು.

ನಾಟ್ಯಸಂಗೀತದಲ್ಲೂ ಇದೇ ಧೋರಣೆ. ಮರಾಠಿ ರಂಗಭೂಮಿಯಲ್ಲಿ ಆರ್ಗನ್ ವಾದ್ಯದ ಸಾಥ್‌ನೊಂದಿಗೆ ಮನೆಮಾತಾಗಿದ್ದ ಬಾಲಗಂಧರ್ವರ ಪದಗಳನ್ನು ಅವರು ಪ್ರೌಢ ವಯಸ್ಸಿನಲ್ಲಿ ಹಾಡಿದರು. ಬಾಲ್ಯದಂತೆ ಅನುಕರಿಸಲಿಲ್ಲ. ತಮಗೆ ಅರ್ಥವಾದ ಬಾಲಗಂಧರ್ವ ಎಂಬ ಅರ್ಥದ ಶೀರ್ಷಿಕೆಯನ್ನೇ ಅದಕ್ಕಿತ್ತರು.

ಘರಾಣೆಯ ಶಿಸ್ತು ಮುರಿದರೆಂದು ಸಂಪ್ರದಾಯಸ್ಥರು ಆಕ್ಷೇಪಿಸಿದ್ದುಂಟು. ಅವರು ಹಿಂಜರಿಯಲಿಲ್ಲ. 1990ರಲ್ಲಿ ಪದ್ಮವಿಭೂಷಣ ಗೌರವ ಸಂದಿತು. 1992ರ ಜನವರಿ 12ರಂದು ದೇವಾಸದಲ್ಲಿ ನಿಧನರಾದರು.

ಇಂದು ಅವರ ಧ್ವನಿಮುದ್ರಿಕೆಗಳನ್ನು ಯಥಾವತ್ತಾಗಿ ಅನುಕರಿಸುವ ಯುವ ಗಾಯಕರಿಗೆ ಸುಳೇಭಾವಿಯ ಆ ಬಾಲಕ ನಡೆದ ದಾರಿಯೇ ಪಾಠ. ನಕಲು ಕಲಿಕೆಯ ಮೊದಲ ಮೆಟ್ಟಿಲು ಮಾತ್ರ.