ಮಕ್ಕಳಿಗೆ ಕಥೆಯನ್ನು ಕೊಟ್ಟ ಪಂಜೆ ಮಂಗೇಶರಾಯರು

ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಕೋಟಿ ಚೆನ್ನಯರೆಂಬ ಅವಳಿ ಅಣ್ಣತಮ್ಮಂದಿರ ಹೆಸರನ್ನು ಹೊಸದಾಗಿ ಹೇಳಬೇಕಾದದ್ದಿಲ್ಲ. ಅವರ ಹುಟ್ಟೂರಾದ ಪಡುಮಲೆಯು ಪುತ್ತೂರಿನ ಸೀಮೆಯಲ್ಲಿ ಉಂಟು. ಅವರು ಮೋಸದಿಂದ ಸೆರೆಸಿಕ್ಕಿದ ಪಂಜವೂ, ಆಶ್ರಯ ಹೊಂದಿ ಕೊನೆಗೆ ಪ್ರಾಣ ಬಿಟ್ಟ ಎಣ್ಮೂರೂ ಸುಳ್ಯ ಕಡಬಗಳ ಸೀಮೆಯಲ್ಲಿ ಉಂಟು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಇವರ ಪಾಡ್ದನವನ್ನು ಹಾಡಿದರು. ಮಳೆಗಾಲದ ರಾತ್ರಿಯಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಇದೇ ಕಥೆಯನ್ನು ಹೇಳಿದರು. ಆದರೆ ಬಾಯಿಂದ ಬಾಯಿಗೆ ಬಂದ ಈ ತುಳು ಕಥೆಯು ಶಾಲೆಗೆ ಹೋಗುವ ಹುಡುಗನು ಮನೆಯವರ ನಡುವೆ ಗಟ್ಟಿಯಾಗಿ ಓದಿಹೇಳಬಹುದಾದ ಕನ್ನಡ ಪುಸ್ತಕವಾದದ್ದು ಹೇಗೆ? ಆ ಕೆಲಸವನ್ನು ಮಾಡಿದವರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಪಂಜೆ ಮಂಗೇಶರಾಯರು 1874ನೇ ಇಸವಿ ಫೆಬ್ರವರಿ 22ನೇ ತಾರೀಕಿನಲ್ಲಿ ನೇತ್ರಾವತಿ ನದಿಯ ದಡದಲ್ಲಿರುವ ಬಂಟ್ವಾಳದಲ್ಲಿ ಹುಟ್ಟಿದರು. ಅವರ ತಂದೆಯವರ ಹೆಸರು ರಾಮಪ್ಪಯ್ಯ. ಮನೆತನದ ಹೆಸರಿನಲ್ಲಿಯೇ ನಮ್ಮ ಪಂಜದ ಹೆಸರು ಕೇಳಬರುವದನ್ನು ವಾಚಕರು ಗಮನಿಸಬಹುದು. ಅವರ ಮನೆಮಾತು ಕೊಂಕಣಿ, ಪೇಟೆಯಲ್ಲಿಯೂ ಹೊಲದಲ್ಲಿಯೂ ಕಿವಿಗೆ ಬಿದ್ದದ್ದು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಈ ಜಿಲ್ಲೆಯ ಬಹುಮಂದಿ ಮಕ್ಕಳ ಸ್ಥಿತಿಯು ಇಂದಿಗೂ ಹೀಗೆಯೇ ಇರುತ್ತದಲ್ಲವೇ? ಮನೆಯಲ್ಲಿ ತುಳುವನ್ನೋ ಅರೆಭಾಷೆಯನ್ನೋ ಮಲೆಯಾಳವನ್ನೋ ಆಡುವ ಮಗುವು ಶಾಲೆಯ ಹೊಸ್ತಿಲನ್ನು ದಾಟಿದ ಕೂಡಲೇ ಪುಸ್ತಕದ ಕನ್ನಡವನ್ನು ಕಂಡು ಬೆದರುವದುಂಟು. ಆ ಬೆದರಿಕೆಯನ್ನು ರಾಯರು ಸ್ವಂತ ಅನುಭವದಿಂದ ಬಲ್ಲವರಾಗಿದ್ದರು. ಅದನ್ನು ಮಕ್ಕಳ ಮನಸ್ಸಿನಿಂದ ತೆಗೆದುಹಾಕುವದೇ ಅವರ ಜೀವಮಾನದ ಕೆಲಸವಾಯಿತು ಎಂದರೆ ತಪ್ಪಾಗದು.

ಅವರ ಮನೆಯು ಸಿರಿವಂತರ ಮನೆಯಾಗಿರಲಿಲ್ಲ. ಆದಾಗ್ಯೂ ಅವರು ವಿದ್ಯೆಯನ್ನು ಬಿಡದೆ ಕಲಿತು, ಹತ್ತೊಂಬತ್ತನೇ ಶತಮಾನವು ಮುಗಿಯುವದಕ್ಕೆ ಮುಂಚೆಯೇ ಮಂಗಳೂರಿನ ಸರಕಾರೀ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಅವರ ಬಂಧುಗಳಾದ ಬೆನಗಲ್ ರಾಮರಾಯರು ಸುವಾಸಿನಿ ಎಂಬ ಪತ್ರಿಕೆಯನ್ನು ನಡಿಸುತ್ತಿದ್ದರು. ಅದರಲ್ಲಿ 1900ನೇ ಇಸವಿಯಲ್ಲಿ ರಾಯರು ನನ್ನ ಚಿಕ್ಕತಾಯಿ ಮುಂತಾದ ಸಣ್ಣ ಕಥೆಗಳನ್ನು ಪ್ರಕಟಿಸಿದರು. ಕನ್ನಡದಲ್ಲಿ ಸಣ್ಣ ಕಥೆಗಳಿಗೆ ದಾರಿ ಮಾಡಿದವರಲ್ಲಿ ಅವರೇ ಮೊದಲಿಗರೆಂದು ಪಂಡಿತರು ಎಣಿಸುತ್ತಾರೆ. ಪದ್ಯಗಳನ್ನು ಬರೆಯುವಾಗ ಅವರು ತಮ್ಮ ಹೆಸರನ್ನು ಹಾಕದೆ ಕವಿಶಿಷ್ಯ ಎಂಬ ಹೆಸರನ್ನು ಇಟ್ಟುಕೊಂಡರು. ಕವಿಯೆಂದು ಕರೆಯಿಸಿಕೊಳ್ಳದೆ ಕವಿಗಳ ಶಿಷ್ಯನೆಂದು ಕರೆಯಿಸಿಕೊಂಡ ಈ ಒಂದು ಸಂಗತಿಯಿಂದಲೇ ಅವರ ಗುಣವನ್ನು ತಿಳಿಯಬಹುದು.

ತರುವಾಯ ಅವರು ಶಾಲೆಗಳ ಇನಸ್ಪೆಕ್ಟರರ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಸುಳ್ಯ, ಕಡಬ ಎಂಬ ಬೇರೆ ತಾಲೂಕುಗಳಿರಲಿಲ್ಲ. ದಾರಿಗಳು ಕೊಂಚವೇ ಇದ್ದವು. ಮಳೆಗಾಲದಲ್ಲಿ ಹೊಳೆಗಳು ತುಂಬಿದರೆ ದೋಣಿಯ ಹೊರತು ಗತಿ ಇರಲಿಲ್ಲ. ಇನಸ್ಪೆಕ್ಟರರೆಂದರೆ ಮಾಸ್ತರರಿಗೂ ಮಕ್ಕಳಿಗೂ ಒಂದೇ ಪ್ರಕಾರ ಭಯ. ಪಾಠವೆಂದರೆ ಅರ್ಥ ತಿಳಿಯದೆ ಬಾಯಿಪಾಠ ಮಾಡುವದು, ತಪ್ಪಿದರೆ ಬೆತ್ತ. ಇಂಥಾ ಶಾಲೆಗಳನ್ನು ಕಂಡ ರಾಯರು ಮಗುವಿನ ನಾಲಿಗೆಗೆ ಹಿತವಾದ, ಕುಣಿಯುತ್ತಾ ಹಾಡಬಹುದಾದ ಪದ್ಯಗಳನ್ನೂ, ಕೇಳಿದರೆ ನಗು ಬರುವ ಕಥೆಗಳನ್ನೂ ಬರೆಯುವವರಾದರು. ನಾಗರ ಹಾವೇ ಎಂಬ ಪದ್ಯದಲ್ಲಿ ಮಗುವು ಹಾವನ್ನೇ ಮಾತಾಡಿಸುತ್ತದೆ. ಹೀಗೆ ಭಯವು ಆಟವಾಗುತ್ತದೆ. ತೆಂಕಣ ಗಾಳಿಯಾಟದಲ್ಲಿ ನಮ್ಮ ಕರಾವಳಿಯ ಬಿರುಗಾಳಿಯ ಸದ್ದೇ ಮಾತಾಗಿ ಬರುತ್ತದೆ. ಇವು ಕಣ್ಣಿಗಿಂತ ಮುಂಚೆ ಕಿವಿಗೆ ಬರೆದವುಗಳು. ಓದು ಬಾರದ ತಾಯಿಯೂ ಒಂದೆರಡು ಸಾರಿ ಕೇಳಿದರೆ ಮಗುವಿಗೆ ಹಾಡಿ ಕೊಡಬಹುದು. 1921ನೇ ಇಸವಿಯಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವು ಹುಟ್ಟಿ, ಮಕ್ಕಳಿಗೋಸ್ಕರ ಚಿಕ್ಕ ಪುಸ್ತಕಗಳನ್ನು ಹೊರಡಿಸಲಾರಂಭಿಸಿತು. ಅದರ ಜೀವಾಳವು ರಾಯರೇ ಆಗಿದ್ದರು.

ಮಕ್ಕಳು ನಗುವದು ಮಾತ್ರ ಸಾಲದು, ಹಿಂದಿನವರ ಧೈರ್ಯವನ್ನೂ ಕಷ್ಟವನ್ನೂ ತಿಳಿಯಬೇಕು ಎಂಬದು ಅವರ ಮನಸ್ಸಿನಲ್ಲಿತ್ತು. ಆದಕಾರಣ ದುರ್ಗಾವತಿ, ವೀರಮತಿ ಮುಂತಾದ ಪೂರ್ವಕಾಲದ ಕಥೆಗಳನ್ನು ಅವರು ಬರೆದರು. ಆದರೆ ದೂರದ ರಾಜ್ಯಗಳ ಕಥೆಗಳನ್ನು ಹೇಳುವಾಗ ಮನೆಯ ಹಿತ್ತಿಲಿನಲ್ಲಿಯೇ ಇದ್ದ ಕಥೆಯನ್ನು ಮರೆಯಲಿಲ್ಲ. ಕೋಟಿ ಚೆನ್ನಯರ ಚರಿತ್ರೆಯನ್ನು ಪಾಡ್ದನದಿಂದ ತೆಗೆದು ಸರಳವಾದ ಕನ್ನಡ ಗದ್ಯದಲ್ಲಿ ಕಟ್ಟಿ, 1920ನೇ ಇಸವಿಯ ಮುಂದಿನ ವರ್ಷಗಳಲ್ಲಿ ಅದನ್ನು ಪುಸ್ತಕವಾಗಿ ಕೊಟ್ಟರು.

ಇಲ್ಲಿ ನಮ್ಮ ಸಭೆಗಳವರು ನೆನಪಿಡತಕ್ಕ ಒಂದು ಸಂಗತಿ ಉಂಟು. ಬಾಸೆಲ್ ಮಿಶನಿನವರು 1834ನೇ ಇಸವಿಯಲ್ಲಿ ಮಂಗಳೂರಿಗೆ ಬಂದರು. 1841ರಲ್ಲಿ ಅವರ ಅಚ್ಚುಕೂಟವು ಆರಂಭವಾಯಿತು. ಅವರಲ್ಲಿ ಅಗಸ್ಟ್ ಮೆನ್ನರ್ ಎಂಬವರು ತುಳುವನ್ನು ಬಹಳ ಪ್ರಯಾಸದಿಂದ ಕಲಿತು, ಹಾಡುವವರ ಬಾಯಿಂದ ಬಂದ ಪಾಡ್ದನಗಳನ್ನು ಕೂಡಿಸಿ, 1886ನೇ ಇಸವಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಅಚ್ಚುಹಾಕಿಸಿದರು. ಅದೇ ವರ್ಷದಲ್ಲಿ ಅವರ ತುಳು ನಿಘಂಟು ಸಹ ಹೊರಟಿತು. ಭೂತಾರಾಧನೆಯನ್ನು ಒಪ್ಪದ ಒಬ್ಬ ಪಾದ್ರಿಯು ಭೂತಗಳ ಹಾಡುಗಳನ್ನೇ ಅಚ್ಚುಹಾಕಿಸಿದ್ದು ಕೆಲವರಿಗೆ ಆಶ್ಚರ್ಯವಾಗಿ ತೋರಬಹುದು. ಆದರೆ ಒಂದು ಜನವನ್ನು ಪ್ರೀತಿಸುವವನು ಆ ಜನರ ಮಾತನ್ನೂ ನೆನಪನ್ನೂ ಕಸದ ಹಾಗೆ ಎಸೆಯಲಾರನು.

ಇನ್ನು ಆ ಕಥೆಯ ಸಾರವನ್ನು ಕೇಳಿರಿ. ದೇಯಿ ಬೈದೆತಿಯು ಮದ್ದು ಬಲ್ಲವಳು. ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ಚುಚ್ಚಿ ಹುಣ್ಣಾಗಿ ಪ್ರಾಣಕ್ಕೆ ಅಪಾಯವಾದಾಗ, ಅವಳು ತುಂಬಿದ ಗರ್ಭಿಣಿಯಾಗಿದ್ದಾಗ್ಯೂ ಬಂದು ಅವನನ್ನು ಗುಣಪಡಿಸಿದಳು. ಬಲ್ಲಾಳನು ಅವಳಿಗೂ ಹುಟ್ಟುವ ಮಕ್ಕಳಿಗೂ ಭೂಮಿಯನ್ನು ಕೊಡುವದಾಗಿ ಮಾತುಕೊಟ್ಟನು. ಅವಳಿ ಮಕ್ಕಳನ್ನು ಹೆತ್ತು ತಾಯಿಯು ತೀರಿಕೊಂಡಳು. ಮಾವನಾದ ಸಾಯನ ಬೈದ್ಯನು ಅವರನ್ನು ಸಾಕಿದನು. ಬಲ್ಲಾಳನ ಮಂತ್ರಿಯಾದ ಬುದ್ಧಿವಂತನಿಗೂ ಈ ಹುಡುಗರಿಗೂ ಬಾಲ್ಯದ ಆಟದಲ್ಲಿ ಹುಟ್ಟಿದ ಹಗೆಯು ಗದ್ದೆಯ ಕೆಲಸದಲ್ಲಿ ಬೆಳೆದು ಕೊಲೆಯಲ್ಲಿ ಮುಗಿಯಿತು. ಅಣ್ಣತಮ್ಮಂದಿರು ಬಲ್ಲಾಳನ ಬಳಿಗೆ ಹೋಗಿ ತಾಯಿಗೆ ಕೊಟ್ಟ ಮಾತನ್ನು ನೆನಪಿಸಿದರು. ಅವನು ಮಾತನ್ನು ನಡಿಸಲಿಲ್ಲ. ಅವರು ಹುಟ್ಟಿದ ಊರನ್ನು ಬಿಟ್ಟು ಹೊರಟರು. ಪಂಜದಲ್ಲಿ ಅದುವರೆಗೆ ಕಂಡರಿಯದ ಅಕ್ಕ ಕಿನ್ನಿದಾರುವಿನ ಗುರುತಾಯಿತು. ಅಲ್ಲಿಯೇ ಮೋಸದಿಂದ ಸೆರೆಯೂ ಆಯಿತು. ಸೆರೆಯನ್ನು ಮುರಿದು ಎಣ್ಮೂರಿಗೆ ಹೋದವರನ್ನು ದೇವಬಲ್ಲಾಳನು ಅಂಗೀಕರಿಸಿದನು. ಒಂದು ಕಾಡುಹಂದಿಯ ಬೇಟೆಯಿಂದ ಎಣ್ಮೂರಿಗೂ ಪಂಜಕ್ಕೂ ಯುದ್ಧವುಂಟಾಗಿ, ಆ ಯುದ್ಧದಲ್ಲಿ ಕೋಟಿಯು ಬಾಣದಿಂದ ಬಿದ್ದನು. ಅಣ್ಣನಿಲ್ಲದೆ ಬದುಕಲೊಲ್ಲದೆ ಚೆನ್ನಯನೂ ಪ್ರಾಣ ಬಿಟ್ಟನು.

ಈ ಕಥೆಯನ್ನು ನಮ್ಮ ಮನೆಗಳಲ್ಲಿ ಹೇಳಬಹುದೋ ಬಾರದೋ ಎಂಬ ಸಂಶಯವು ನಮ್ಮ ಹಳೇ ಸಭೆಯವರಲ್ಲಿ ಇದ್ದದ್ದು ಸುಳ್ಳಲ್ಲ. ಯಾಕಂದರೆ ನಮ್ಮಲ್ಲಿ ಅನೇಕರ ಹಿರಿಯರು ಬಿಲ್ಲವರಾಗಿದ್ದು, ಗರಡಿಗಳಲ್ಲಿ ಈ ಅಣ್ಣತಮ್ಮಂದಿರಿಗೆ ಕೈಮುಗಿದವರೇ. ಅದನ್ನು ಬಿಟ್ಟುಬಂದದ್ದಕ್ಕಾಗಿ ಕುಲದವರಿಂದ ದೂರವಾಗಿ ಮನೆ ಮಾರುಗಳನ್ನು ಕಳಕೊಂಡವರೂ ಉಂಟು. ಅಂಥವರು ಈ ಹೆಸರನ್ನು ಮಕ್ಕಳ ಕಿವಿಗೆ ಬೀಳಿಸಲು ಅಂಜಿದರೆ ಅವರನ್ನು ಹಳಿಯುವದು ನ್ಯಾಯವಲ್ಲ. ಆದರೆ ಆ ಅಂಜಿಕೆಯಿಂದ ಒಂದು ನಷ್ಟವೂ ಆಯಿತು. ಮಕ್ಕಳು ತಮ್ಮ ಹಿರಿಯರಿಗೆ ಚರಿತ್ರೆಯೇ ಇರಲಿಲ್ಲವೆಂದೂ, ಧೈರ್ಯಶಾಲಿಗಳೆಲ್ಲರೂ ಬೇರೆ ಕುಲದಲ್ಲಿ, ಬೇರೆ ದೇಶದಲ್ಲಿ ಹುಟ್ಟಿದವರೆಂದೂ ನೆನಸುವಂತಾಯಿತು.

ಪಂಜೆಯವರ ಪುಸ್ತಕವು ಈ ಸಂಕಟಕ್ಕೆ ಒಂದು ದಾರಿಯನ್ನು ತೋರಿಸಿತು. ಗರಡಿಯಲ್ಲಿ ಕೇಳುವ ಪಾಡ್ದನವು ಆರಾಧನೆಗೆ ಸೇರಿದ್ದು. ಜಗಲಿಯಲ್ಲಿ ಓದುವ ಪುಸ್ತಕಕ್ಕೆ ಕೈಮುಗಿಯಬೇಕಾದದ್ದಿಲ್ಲ, ಕಿವಿಗೊಟ್ಟರೆ ಸಾಕು. ಅಲ್ಲಿ ಕೋಟಿ ಚೆನ್ನಯರು ತಾಯಿಯಿಲ್ಲದ ಹುಡುಗರಾಗಿ, ಉಳುವವರಾಗಿ, ಅಕ್ಕನನ್ನು ಕಂಡು ಸಂತೋಷಪಡುವ ತಮ್ಮಂದಿರಾಗಿ ನಮ್ಮ ಎದುರಿಗೆ ಬರುತ್ತಾರೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಒಬ್ಬ ವಿದ್ವಾಂಸರು, ಮೇಲಿನವರು ಕೀಳೆಂದು ಎಣಿಸಿದ ಕುಲದ ಇಬ್ಬರು ವೀರರನ್ನು ಕನ್ನಡ ನಾಡಿನ ಎಲ್ಲಾ ಮಕ್ಕಳ ಮುಂದೆ ಮಾನದಿಂದ ನಿಲ್ಲಿಸಿದರು. ಇದು ಆ ಕಾಲದಲ್ಲಿ ಸಣ್ಣ ಕೆಲಸವಲ್ಲ.

ಈ ಕಥೆಯಲ್ಲಿ ಕೊಲೆ ಉಂಟು, ಹಗೆ ಉಂಟು, ಆತುರದ ಕೋಪ ಉಂಟು. ಅದನ್ನು ಮಕ್ಕಳಿಂದ ಮರೆಮಾಡುವದಕ್ಕಿಂತ, ಓದುತ್ತಾ ನಡುವೆ ನಿಲ್ಲಿಸಿ, ಬುದ್ಧಿವಂತನನ್ನು ಕೊಂದದ್ದು ಸರಿಯೋ, ಬಲ್ಲಾಳನು ಮಾತನ್ನು ನಡಿಸಿದ್ದರೆ ಏನಾಗುತ್ತಿತ್ತು, ದೇಯಿಯು ಬದುಕಿದ್ದರೆ ಮಕ್ಕಳಿಗೆ ಏನು ಹೇಳುತ್ತಿದ್ದಳು ಎಂದು ಕೇಳುವದು ಉತ್ತಮ. ಕಥೆಯನ್ನು ಕೂಡಿ ಕೇಳುವ ಮನೆಯಲ್ಲಿ ಮಕ್ಕಳು ನ್ಯಾಯಾನ್ಯಾಯಗಳನ್ನು ತೂಗಿ ನೋಡಲು ಕಲಿಯುತ್ತಾರೆ. ಬೆತ್ತದ ಪೆಟ್ಟಿನಿಂದ ಈ ಪಾಠವು ಬರಲಾರದು.

ಮಂಗೇಶರಾಯರು ಮುಂದೆ ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿ ಕೆಲಸಮಾಡಿದರು. ಕೊಡಗಿನವರ ಸುಗ್ಗಿಯ ಹಬ್ಬದ ಮೇಲೆ ಅವರು ಬರೆದ ಹುತ್ತರಿಯ ಹಾಡು ಆ ನಾಡಿನವರಿಗೆ ಇಂದಿಗೂ ಪ್ರಿಯವಾದದ್ದು. 1934ನೇ ಇಸವಿಯಲ್ಲಿ ರಾಯಚೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ದೊಡ್ಡ ಕಾವ್ಯವನ್ನಾಗಲಿ ಗ್ರಂಥರಾಶಿಯನ್ನಾಗಲಿ ಬರೆಯದೆ, ಹೆಚ್ಚಾಗಿ ಮಕ್ಕಳಿಗೋಸ್ಕರ ದುಡಿದವರಿಗೆ ಈ ಮಾನವು ದೊರಕಿತು. 1937ನೇ ಇಸವಿ ಅಕ್ಟೋಬರ್ ತಿಂಗಳಲ್ಲಿ ಅವರು ಹೈದರಾಬಾದಿನಲ್ಲಿ ತೀರಿಕೊಂಡರು. ಆಗ ಅವರ ಪ್ರಾಯವು 63 ವರ್ಷ.

ಅವರ ಮರಣಕ್ಕೆ ಎರಡು ವರ್ಷ ಮುಂಚೆ, ಅಂದರೆ 1935ರಲ್ಲಿ, ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರವನ್ನು ಆರಂಭಿಸಿದ್ದರು. ಆ ಧ್ವನಿಯು ನಮ್ಮ ಗುಡ್ಡಗಾಡಿನ ಮನೆಗಳಿಗೆ ಮುಟ್ಟುವ ಕಾಲವು ಇನ್ನೂ ಬಂದಿರಲಿಲ್ಲ. ಇಲ್ಲಿ ಅಜ್ಜಿಯ ಬಾಯಿಯೇ ರೇಡಿಯೋ ಆಗಿತ್ತು. ಮುಂದೆ ಮಂಗಳೂರಿನಲ್ಲಿಯೂ 1976ನೇ ಇಸವಿಯಲ್ಲಿ ಆಕಾಶವಾಣಿಯ ನಿಲಯವು ಹುಟ್ಟಿತು. ಕೋಟಿ ಚೆನ್ನಯರ ಕಥೆಯು ಯಕ್ಷಗಾನದ ಮೇಳಗಳಿಗೆ ಏರಿ, 1973ನೇ ಇಸವಿಯಲ್ಲಿ ತುಳು ಚಲನಚಿತ್ರವೂ ಆಯಿತು. ಈಗಲಾದರೋ ಅಂಗೈಯಲ್ಲಿ ಹಿಡಿಯುವ ಯಂತ್ರದಿಂದ ಲೋಕದ ಎಲ್ಲಾ ಕಥೆಗಳೂ ಕೇಳಬರುತ್ತವೆ. ಆದರೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕುಳಿತು ಬೇರೆಬೇರೆ ಧ್ವನಿಗಳನ್ನು ಕೇಳುವ ಮನೆಯಲ್ಲಿ ಕಥೆಗಳು ಎಷ್ಟು ಹೆಚ್ಚಿದರೂ ಕೂಟವು ಕಡಿಮೆಯಾಗುತ್ತದೆ.

ಆದಕಾರಣ ಪ್ರಿಯ ತಂದೆತಾಯಿಗಳೇ, ವಾರದಲ್ಲಿ ಒಂದು ಸಾಯಂಕಾಲವನ್ನಾದರೂ ಇದಕ್ಕೆ ಇಟ್ಟುಕೊಳ್ಳಿರಿ. ಅಡಿಕೆ ಸುಲಿಯುವ ರಾತ್ರಿಯಾದರೆ ಮತ್ತೂ ಒಳ್ಳೇದು. ಕೈಗೆ ಕೆಲಸ, ಕಿವಿಗೆ ಕಥೆ. ಓದುಬಲ್ಲ ಮಗನೋ ಮಗಳೋ ಪುಸ್ತಕವನ್ನು ಓದಲಿ; ಹಿರಿಯರು ತಿಳಿದದ್ದನ್ನು ಕೂಡಿಸಿ ಹೇಳಲಿ. ಚಿಕ್ಕವರು ಕೇಳುವ ಪ್ರಶ್ನೆಗಳನ್ನು ಗದರಿಸಿ ನಿಲ್ಲಿಸಬೇಡಿರಿ. ಪಡುಮಲೆ, ಪಂಜ, ಎಣ್ಮೂರುಗಳ ದಾರಿಯಲ್ಲಿ ಹೋಗುವಾಗ ಇದೇ ಆ ಊರೆಂದು ಮಕ್ಕಳಿಗೆ ತೋರಿಸಿರಿ. ಪರರ ಮಕ್ಕಳಿಗೋಸ್ಕರ ತಮ್ಮ ವಿದ್ಯೆಯನ್ನೆಲ್ಲಾ ಸವೆಸಿದ ಒಬ್ಬ ಉಪಾಧ್ಯಾಯರ ಜ್ಞಾಪಕವನ್ನು ಕಾಯುವದಕ್ಕೆ ಕಲ್ಲಿನ ಸ್ತಂಭಕ್ಕಿಂತ ಇಂಥಾ ಒಂದು ಸಾಯಂಕಾಲವೇ ಹೆಚ್ಚು ತಕ್ಕದ್ದು.