ಪ್ರೊ. ರೆಜಿನಾಲ್ಡ್ ಕ್ರಂಡಾಲ್ ಪನೆಟ್ (1875–1967): ಮರಿಯ ಬಣ್ಣದಿಂದ ಲಿಂಗ ಗುರುತಿಸುವ ವಿಧಾನವನ್ನು ಬಳಕೆಗೆ ತಂದ ವಿಜ್ಞಾನಿ

ಜನನ ಮತ್ತು ವಿದ್ಯಾಭ್ಯಾಸ

ಪ್ರೊ. ಪನೆಟ್‌ರವರು 1875ರ ಜೂನ್ 20ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಟನ್‌ಬ್ರಿಜ್‌ನಲ್ಲಿ ಜನಿಸಿದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗದ ಉದ್ದೇಶ ಹೊಂದಿದ್ದರೂ, ಪ್ರಾಣಿಶಾಸ್ತ್ರವನ್ನು ಆಯ್ಕೆ ಮಾಡಿಕೊಂಡರು. ವಿಲಿಯಂ ಬೇಟ್‌ಸನ್‌ರವರೊಡನೆ ಕೋಳಿ ಹಾಗೂ ಸಿಹಿಬಟಾಣಿ ಗಿಡಗಳ ಮೇಲೆ ಅನುವಂಶೀಯತೆಯ ಪ್ರಯೋಗಗಳನ್ನು ಕೈಗೊಂಡರು. ಕೋಳಿಗಳ ಜುಟ್ಟಿನ ಆಕಾರವು ತಲೆಮಾರಿನಿಂದ ತಲೆಮಾರಿಗೆ ಸಾಗುವ ಕ್ರಮವು ಈ ಪ್ರಯೋಗಗಳಿಂದ ಸ್ಪಷ್ಟವಾಯಿತು. ಸಂಕರದ ಫಲಿತಾಂಶವನ್ನು ಲೆಕ್ಕ ಹಾಕಲು ಇಂದಿಗೂ ಬಳಸಲಾಗುವ ಚೌಕಾಕಾರದ ಕೋಷ್ಟಕವು ಇವರ ಹೆಸರಿನಲ್ಲಿದೆ. 1912ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತಳಿವಿಜ್ಞಾನದ ಬಾಲ್‌ಫೋರ್ ಪೀಠದ ಪ್ರಥಮ ಪ್ರಾಧ್ಯಾಪಕರಾದರು.

ಯುದ್ಧಕಾಲದ ಸಲಹೆ

ಪ್ರಥಮ ಮಹಾಯುದ್ಧದ (1914–18) ಅವಧಿಯಲ್ಲಿ ಬ್ರಿಟನ್ನಿನಲ್ಲಿ ಆಹಾರಧಾನ್ಯದ ಅಭಾವ ಉಂಟಾಯಿತು. ಮೊಟ್ಟೆಯಿಡದ ಹುಂಜಮರಿಗಳನ್ನು ಗುರುತಿಸುವಷ್ಟು ಬೆಳೆಯುವವರೆಗೆ ಸಾಕುವುದರಿಂದ ಮೇವು ವ್ಯರ್ಥವಾಗುತ್ತಿತ್ತು. ಗರಿಯ ಬಣ್ಣದ ಕೆಲವು ಗುಣಗಳು ಲಿಂಗಕ್ಕೆ ಹೊಂದಿಕೊಂಡಿರುವುದರಿಂದ, ಮರಿಯ ತುಪ್ಪುಳವನ್ನು ನೋಡಿಯೇ ಹೇಂಟೆ ಮತ್ತು ಹುಂಜಗಳನ್ನು ಬೇರ್ಪಡಿಸಬಹುದೆಂದು ಪನೆಟ್‌ರವರು ಸಲಹೆ ನೀಡಿದರು.

ಬಣ್ಣದ ಹಿಂದಿನ ಕ್ರಮ

ಗರಿಯಲ್ಲಿ ಬಿಳಿಯ ಅಡ್ಡಪಟ್ಟೆ ಮೂಡಿಸುವ ವಂಶವಾಹಿಯನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಹುಂಜದಲ್ಲಿ ಇದರ ಎರಡು ಪ್ರತಿಗಳಿರಬಹುದು. ಹೇಂಟೆಯಲ್ಲಿ ಒಂದೇ ಪ್ರತಿ ಇರಲು ಸಾಧ್ಯ. ಹೇಂಟೆಯು ಅದನ್ನು ಗಂಡುಮರಿಗಳಿಗೆ ಮಾತ್ರ ನೀಡುತ್ತದೆ. ಆದುದರಿಂದ ಪಟ್ಟೆಯಿಲ್ಲದ ಕಪ್ಪು ಹುಂಜವನ್ನು ಪಟ್ಟೆಯುಳ್ಳ ಹೇಂಟೆಯೊಡನೆ ಕೂಡಿಸಿದಾಗ, ಗಂಡುಮರಿಗಳ ಕಪ್ಪು ತುಪ್ಪುಳದಲ್ಲಿ ನೆತ್ತಿಯ ಮೇಲೆ ಬಿಳಿಯ ಮಚ್ಚೆ ಕಾಣುತ್ತದೆ. ಹೆಣ್ಣುಮರಿಗಳಲ್ಲಿ ಅದು ಇರುವುದಿಲ್ಲ. ಪಟ್ಟೆಗಳು ಮಾತ್ರ ತುಪ್ಪುಳದಲ್ಲಿ ಕಾಣದೆ, ಅನಂತರ ಬೆಳೆಯುವ ಗರಿಗಳಲ್ಲಿ ಮೂಡುತ್ತವೆ.

ಕ್ಯಾಂಬಾರ್ ತಳಿ

ಈ ವಿಧಾನದಲ್ಲಿ ಒಂದು ತೊಡಕಿತ್ತು. ಸಂಕರದ ಮರಿಗಳನ್ನೇ ಮುಂದೆ ತಮ್ಮೊಳಗೆ ಕೂಡಿಸಿದರೆ ಬಣ್ಣದ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಪ್ರತಿ ಬಾರಿಯೂ ಎರಡು ಶುದ್ಧ ತಳಿಗಳನ್ನು ಸಾಕಬೇಕಾಗುತ್ತಿತ್ತು. ಪನೆಟ್‌ರವರು ಮೈಕೆಲ್ ಪೀಸ್‌ರವರೊಡಗೂಡಿ, ಪಟ್ಟೆಯುಳ್ಳ ಪ್ಲಿಮತ್ ರಾಕ್ ಹಾಗೂ ಗೋಲ್ಡನ್ ಕ್ಯಾಂಪೈನ್ ತಳಿಗಳಿಂದ ಕ್ಯಾಂಬಾರ್ ಎಂಬ ತಳಿಯನ್ನು ರೂಪಿಸಿ, 1930ರಲ್ಲಿ ವಿವರವನ್ನು ಪ್ರಕಟಿಸಿದರು. ಈ ತಳಿಯ ಗಂಡುಮರಿಯಲ್ಲಿ ವಂಶವಾಹಿಯ ಎರಡು ಪ್ರತಿಗಳಿರುವುದರಿಂದ ತುಪ್ಪುಳ ಮಸುಕಾಗಿರುತ್ತದೆ. ಒಂದೇ ಪ್ರತಿಯುಳ್ಳ ಹೆಣ್ಣುಮರಿಯ ಬಣ್ಣ ಗಾಢವಾಗಿರುತ್ತದೆ. ಈ ಗುಣವು ತಳಿಯೊಳಗೆ ಪ್ರತಿ ತಲೆಮಾರಿನಲ್ಲಿಯೂ ಮುಂದುವರಿಯುತ್ತದೆ. ಲೆಗ್‌ಬಾರ್ ತಳಿಯೂ ಇದೇ ತತ್ತ್ವದ ಮೇಲೆ ರೂಪುಗೊಂಡಿತು.

ಇತರ ಕೊಡುಗೆಗಳು

1905ರಲ್ಲಿ ಮೆಂಡೆಲ್ ತತ್ತ್ವಗಳನ್ನು ಕುರಿತು, 1923ರಲ್ಲಿ ಕೋಳಿಗಳ ಅನುವಂಶೀಯತೆಯನ್ನು ಕುರಿತು ಗ್ರಂಥಗಳನ್ನು ಪ್ರಕಟಿಸಿದರು. 1922ರಲ್ಲಿ ಡಾರ್ವಿನ್ ಪದಕ ಪಡೆದರು. 1910ರಲ್ಲಿ ಬೇಟ್‌ಸನ್‌ರೊಡನೆ ಆರಂಭಿಸಿದ ಜರ್ನಲ್ ಆಫ್ ಜೆನೆಟಿಕ್ಸ್ ಪತ್ರಿಕೆಯನ್ನು 1985ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸುತ್ತಿದೆ. 1940ರಲ್ಲಿ ನಿವೃತ್ತರಾದ ಪನೆಟ್‌ರವರು 1967ರ ಜನವರಿ 3ರಂದು ಸಾಮರ್‌ಸೆಟ್‌ನಲ್ಲಿ ನಿಧನರಾದರು.

ಸಾಕಾಣಿಕೆದಾರರ ಗಮನಕ್ಕೆ

ಎಲ್ಲಾ ತಳಿಗಳ ಮರಿಗಳಲ್ಲಿಯೂ ಬಣ್ಣದಿಂದ ಲಿಂಗ ತಿಳಿಯುವುದಿಲ್ಲ. ಮರಿ ಪಡೆಯಲಿಚ್ಛಿಸುವವರು ತಂದೆ ಮತ್ತು ತಾಯಿ ತಳಿಗಳೆರಡನ್ನೂ ವಿಚಾರಿಸಿ ತಿಳಿದುಕೊಳ್ಳುವುದು ಸೂಕ್ತ. ಸಂಕರದ ಮೊದಲ ತಲೆಮಾರಿನ ಗುರುತನ್ನು ಅವುಗಳ ಮರಿಗಳಲ್ಲಿ ನಿರೀಕ್ಷಿಸತಕ್ಕದ್ದಲ್ಲ.