ನೊಣತೂಕದ ವೀರ ಪ್ಯಾಂಚೋ ವಿಲ್ಲಾ

ಬಾಕ್ಸಿಂಗ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ನಿಲ್ಲುವುದು ಆರಡಿಯ ದೈತ್ಯದೇಹ. ನಾನಾದರೋ ಇಲ್ಲಿ ಐದಡಿ ಒಂದಂಗುಲದ ಪುಟ್ಟ ಜಟ್ಟಿಯೊಬ್ಬನ ಕಥೆಯನ್ನು ಹೇಳಹೊರಟಿದ್ದೇನೆ. ಗಾತ್ರದಲ್ಲಿ ಅವನ ಜೊತೆಗಾರನೇ ಆದ ನನಗೆ ಅವನಲ್ಲಿ ಕೊಂಚ ಹೆಚ್ಚು ಮಮತೆಯಿದ್ದರೆ ವಾಚಕರು ಮನ್ನಿಸಬೇಕು.

ಸಣ್ಣಾಳನ್ನು ದೊಡ್ಡಾಳಿನೆದುರು ನಿಲ್ಲಿಸಿ ಗುದ್ದಾಡಿಸುವುದು ನ್ಯಾಯವಲ್ಲ. ಆದ್ದರಿಂದಲೇ 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬು ಮುಷ್ಟಿಕಾಳಗಕ್ಕೆ ಎಂಟು ತೂಕಗಳನ್ನು ಗೊತ್ತುಪಡಿಸಿತು. ಅವುಗಳಲ್ಲಿ ಅತ್ಯಂತ ಹಗುರವಾದುದು ‘ಫ್ಲೈವೇಟ್’, ಎಂದರೆ ನೊಣತೂಕ. ಅದರ ಮಿತಿ 112 ಪೌಂಡು, ಸುಮಾರು 51 ಕಿಲೋ. 1916ರಲ್ಲಿ ಈ ತೂಕದ ವಿಶ್ವವಿಜೇತನೆನಿಸಿದವನು ವೇಲ್ಸಿನ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಜಿಮ್ಮಿ ವೈಲ್ಡ್.

ಅವನನ್ನು ಸೋಲಿಸಬೇಕಾದವನು ದೂರದ ಫಿಲಿಪೈನ್ಸಿನಲ್ಲಿ ಬೆಳೆಯುತ್ತಿದ್ದನು. ಹೆಸರು ಫ್ರಾನ್ಸಿಸ್ಕೊ ಗಿಲೆಡೊ; ಪ್ಯಾಂಚೋ ವಿಲ್ಲಾ ಎಂಬುದು ಕಾಳಗದ ಕಣದಲ್ಲಿ ಬಂದ ಹೆಸರು. ಹುಟ್ಟಿದ್ದು 1901ರ ಆಗಸ್ಟ್ 1ರಂದು, ನೆಗ್ರೋಸ್ ದ್ವೀಪದ ಇಲೊಗ್ ಎಂಬ ಊರಿನಲ್ಲಿ. ಮಗು ಇನ್ನೂ ಕೈಗೂಸಾಗಿದ್ದಾಗಲೇ ತಂದೆ ಅಮೆರಿಕದ ನೌಕಾಪಡೆ ಸೇರಿ ಹೊರಟುಹೋದನು. ತಾಯಿ ಆಡು ಸಾಕಿ ಮಗನನ್ನು ಬೆಳೆಸಿದಳು. ಬಾಲಕ ಇಲೊಯ್ಲೊ ಪಟ್ಟಣದ ಬೀದಿಗಳಲ್ಲಿ ಬೂಟು ಒರೆಸಿ ಹೊಟ್ಟೆ ಹೊರೆದನು. ಮುಂದೆ ಮನಿಲಾ ಸೇರಿ, 1919ರಲ್ಲಿ ಕಾಳಗಕ್ಕಿಳಿದು, 1922ರಲ್ಲಿ ಅಮೆರಿಕಕ್ಕೆ ಹಡಗೇರಿದನು.

1923ರ ಜೂನ್ 18ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸಿನಲ್ಲಿ ಇಬ್ಬರೂ ಎದುರಾದರು. ವೈಲ್ಡನಿಗೆ ಆಗ ಮೂವತ್ತೊಂದು. ಎರಡು ವರ್ಷಗಳಿಂದ ಅವನು ಕಣಕ್ಕಿಳಿದಿರಲಿಲ್ಲ. ಏಳನೆಯ ಸುತ್ತಿನಲ್ಲಿ ವಿಲ್ಲಾ ಅವನನ್ನು ನೆಲಕ್ಕೆ ಕೆಡವಿದನು. ವೈಲ್ಡ್ ಮತ್ತೆಂದೂ ಕಾದಲಿಲ್ಲ. ಆ ದಿನ ಏಷ್ಯಾ ಖಂಡಕ್ಕೆ ಮುಷ್ಟಿಕಾಳಗದ ಮೊದಲ ವಿಶ್ವವಿಜೇತ ದೊರೆತನು.

ಮುಂದಿನ ಕಥೆಯನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ. 1925ರ ಜುಲೈ 4ರಂದು ಕ್ಯಾಲಿಫೋರ್ನಿಯದಲ್ಲಿ ಜಿಮ್ಮಿ ಮೆಕ್‌ಲಾರ್ನಿನ್ ಎಂಬ ತರುಣನೊಡನೆ ಪಂದ್ಯ ಗೊತ್ತಾಗಿತ್ತು. ಹಲ್ಲುನೋವಿನಿಂದ ವಿಲ್ಲಾನ ಮುಖ ಊದಿತ್ತು. ಹಲ್ಲು ಕೀಳಿಸಿಕೊಂಡು ಅಂದೇ ಕಣಕ್ಕಿಳಿದನು, ಸೋತನು. ಕಿರೀಟವನ್ನು ಪಣಕ್ಕಿಟ್ಟ ಪಂದ್ಯವಲ್ಲದ್ದರಿಂದ ಪದವಿಯೇನೋ ಉಳಿಯಿತು. ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದರೂ ಅವನು ಕೇಳಲಿಲ್ಲ. ನಂಜು ಹಲ್ಲಿನಿಂದ ಗಂಟಲಿಗೆ ಹಬ್ಬಿತು. ಪೆನಿಸಿಲಿನ್ ಇನ್ನೂ ಕಂಡುಹಿಡಿಯದ ಕಾಲವದು. ಜುಲೈ 14ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವನು ತೀರಿಕೊಂಡನು. ಇಪ್ಪತ್ತನಾಲ್ಕು ತುಂಬಲು ಇನ್ನು ಹದಿನೆಂಟು ದಿನಗಳಿದ್ದವು. ದೇಹವನ್ನು ತಾಯ್ನಾಡಿಗೆ ತಂದು ಮನಿಲಾದಲ್ಲಿ ಮಣ್ಣುಮಾಡಿದರು.

ಅವನು ತೆರೆದ ಬಾಗಿಲು ಮುಚ್ಚಲಿಲ್ಲ. 1952ರಲ್ಲಿ ಜಪಾನಿನ ಯೋಶಿಯೊ ಶಿರಾಯಿ, 1960ರಲ್ಲಿ ಥಾಯ್ಲೆಂಡಿನ ಪೋನ್ ಕಿಂಗ್‌ಪೆಚ್ ಇದೇ ನೊಣತೂಕದ ಕಿರೀಟ ಧರಿಸಿದರು.

ಸರಿಸಮನಾದ ಎದುರಾಳಿಯನ್ನು ಕೊಟ್ಟು ತೂಕದ ನಿಯಮ ವಿಲ್ಲಾನಿಗೆ ನ್ಯಾಯ ಮಾಡಿತು. ಆ ನ್ಯಾಯವನ್ನು ಅವನು ತನ್ನ ದೇಹಕ್ಕೆ ಮಾಡಲಿಲ್ಲ. ನೋವನ್ನು ನುಂಗುವುದೇ ಶೌರ್ಯವೆಂದು ತಿಳಿದ ಆಟಗಾರರು ನಮ್ಮ ಕಾಲೇಜಿನಲ್ಲಿಯೂ ಇದ್ದಾರೆ. ಅವರು ಈ ಪುಟ್ಟ ವೀರನ ಗೆಲುವಿನ ಜೊತೆಗೆ ಅವನ ಹಲ್ಲುನೋವನ್ನೂ ನೆನೆಯಲಿ.